ದೋಣಿ ನಿಲ್ಲಿಸುವ ನಿಸ್ತಂತು ಸ್ವಿಚ್ಚು: ಎಷ್ಟರಮಟ್ಟಿಗೆ ನಂಬಬಹುದು?

ಹುಟ್ಟು ಹಾಕಿ ದೋಣಿ ನಡೆಸುತ್ತಿದ್ದ ಕಾಲದಲ್ಲಿ, ಹುಟ್ಟು ಹಾಕುವವನು ನೀರಿಗೆ ಬಿದ್ದನೆಂದರೆ ದೋಣಿಯೂ ಹೆಚ್ಚು ಕಡಮೆ ಅಲ್ಲಿಯೇ ನಿಲ್ಲುತ್ತಿತ್ತು. ನಡೆಸುವ ತೋಳೇ ಇಲ್ಲವೆಂದ ಮೇಲೆ ದೋಣಿ ಹೋಗುವುದಾದರೂ ಎಲ್ಲಿಗೆ? ಎಂಜಿನ್ನು ಬಂದ ಮೇಲೆ ಆ ಮಾತು ಹೋಯಿತು. ತನ್ನ ಯಜಮಾನನು ದೋಣಿಯಲ್ಲಿದ್ದಾನೆಯೋ ನೀರಿನಲ್ಲಿದ್ದಾನೆಯೋ ಎಂಬುದು ಎಂಜಿನ್ನಿಗೆ ತಿಳಿಯದು. ಎಣ್ಣೆ ಇರುವ ತನಕ ಅದು ತಿರುಗುತ್ತಲೇ ಇರುತ್ತದೆ.

ನಮ್ಮ ಚೆನ್ನೈ ಕಡಲತಡಿಯ ಮೀನುಗಾರರ ಕುಪ್ಪಗಳಲ್ಲಿ ಒಂದು ಕಾಲಕ್ಕೆ ಕಟ್ಟುಮರಗಳದೇ ರಾಜ್ಯವಾಗಿತ್ತು. ೨೦೦೪ನೆಯ ಇಸವಿ ಡಿಸೆಂಬರ್ ೨೬ರ ಸುನಾಮಿಯಲ್ಲಿ ಅವು ಕೊಚ್ಚಿಹೋದ ಅನಂತರ, ಪರಿಹಾರವಾಗಿ ಬಂದವುಗಳಲ್ಲಿ ಬಹುಪಾಲು ಎಂಜಿನ್ನಿನ ಫೈಬರ್ ದೋಣಿಗಳು. ಅತ್ತ ಮಲ್ಪೆ, ಗಂಗೊಳ್ಳಿ, ಭಟ್ಕಳಗಳ ನಾಡದೋಣಿಗಳಿಗೂ ಹಿಂಬದಿಗೆ ತಗಲುಹಾಕುವ ಔಟ್‌ಬೋರ್ಡ್ ಎಂಜಿನ್ನು ಬಂದು ದಶಕಗಳು ಕಳೆದವು. ಹೀಗೆ ಎರಡು ಕರಾವಳಿಗಳಲ್ಲಿಯೂ ಸಣ್ಣ ದೋಣಿಗೆ ಯಂತ್ರದ ಬಲ ಬಂದಿತು. ಅದರ ಜೊತೆಗೆ ಮೊದಲಿಲ್ಲದ ಒಂದು ಅಪಾಯವೂ ಬಂದಿತು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ಕುಂದಾಪುರದ ಕಡೆಯ ನಮ್ಮ ಸದಸ್ಯರೊಬ್ಬರು, ಇಲ್ಲಿ ಹೋಟೆಲೊಂದರಲ್ಲಿ ಲೆಕ್ಕ ಬರೆಯುವವರು, ವಾಚನಾಲಯದಲ್ಲಿ ಒಂದು ಪ್ರಶ್ನೆ ಕೇಳಿದರು. ಅವರ ತಮ್ಮ ಗಂಗೊಳ್ಳಿಯಲ್ಲಿ ನಾಡದೋಣಿ ನಡೆಸುತ್ತಾನೆ. ಮನುಷ್ಯ ನೀರಿಗೆ ಬಿದ್ದೊಡನೆ ಎಂಜಿನ್ನನ್ನು ತಾನೇ ನಿಲ್ಲಿಸುವ ನಿಸ್ತಂತು ಸ್ವಿಚ್ಚು ಪರದೇಶದಲ್ಲಿ ಸಿಕ್ಕುತ್ತದಂತೆ, ಅಣ್ಣಯ್ಯ ಹಣ ಕಳುಹಿಸಿದರೆ ತರಿಸಿಕೊಳ್ಳುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದನಂತೆ. ಹಣದ ಮಾತು ಹಾಗಿರಲಿ, ಅದನ್ನು ನಂಬಿ ತಮ್ಮನನ್ನು ಕಡಲಿಗೆ ಬಿಡಬಹುದೇ ಎಂಬುದು ಅವರ ಚಿಂತೆ. ಊರಿನಲ್ಲಿ ದೋಣಿಯಿರುವ ಮನೆಯವರು ನಮ್ಮಲ್ಲಿ ಇನ್ನೂ ಹಲವರಿದ್ದಾರೆ. ಆದ್ದರಿಂದ ತಿಳಿದಷ್ಟನ್ನು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದೆ.

ಮೊದಲು ಅಪಾಯದ ಸ್ವರೂಪವನ್ನು ನೋಡೋಣ. ಗಂಟೆಗೆ ೧೫ ಕಿಲೋಮೀಟರಿನಂತೆ ಹೋಗುವ ದೋಣಿ ಒಂದು ಸೆಕೆಂಡಿಗೆ ೪ ಮೀಟರಿಗೂ ಮಿಕ್ಕಿ ಮುಂದುವರಿಯುತ್ತದೆ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೂರು ಮೀಟರು ಈಜಿನ ಹೊಸ ವಿಶ್ವದಾಖಲೆ ೪೬.೪೦ ಸೆಕೆಂಡು; ಅಂದರೆ ಲೋಕದ ಅತಿ ವೇಗದ ಈಜುಗಾರನೂ ಸೆಕೆಂಡಿಗೆ ೨ ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹೋಗಬಲ್ಲ, ಅಷ್ಟೆ. ಉಟ್ಟ ಬಟ್ಟೆಯಲ್ಲಿ ಬಿದ್ದವನು ತನ್ನ ದೋಣಿಯನ್ನು ಈಜಿ ಹಿಡಿಯುವ ಆಸೆಯನ್ನು ಬಿಡಬೇಕು. ದೋಣಿಯಲ್ಲಿ ಒಬ್ಬನೇ ಇದ್ದನೋ, ಅವನು ನಡುನೀರಿನಲ್ಲಿ ಉಳಿದ, ದೋಣಿ ದಿಗಂತಕ್ಕೆ ಹೋಯಿತು.

ದೋಣಿ ದೂರ ಹೋಗುವುದು ಒಂದು ಬಗೆಯ ಅಪಾಯವಾದರೆ, ಹೋಗದೆ ಇರುವುದು ಅದಕ್ಕಿಂತ ಘೋರ. ಚುಕ್ಕಾಣಿಯ ಹಿಡಿಯಿಂದ ಕೈ ತಪ್ಪಿದಾಗ, ತಿರುಗುತ್ತಿರುವ ಪ್ರೊಪೆಲ್ಲರಿನ ಒತ್ತಡದಿಂದಲೇ ಎಂಜಿನ್ನು ಒಂದು ಪಕ್ಕಕ್ಕೆ ಹೊರಳಿಕೊಳ್ಳುತ್ತದೆ. ಆಗ ದೋಣಿ ನೇರವಾಗಿ ಹೋಗದೆ ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಬಿದ್ದವನು ಆ ಸುತ್ತಿನೊಳಗೇ ಇರುತ್ತಾನೆ. ತೆರೆ, ಗಾಳಿ ದೋಣಿಯನ್ನು ತಳ್ಳಿದಂತೆಲ್ಲ ಸುತ್ತು ಜರುಗುತ್ತದೆ. ಯಾವುದೋ ಒಂದು ಸುತ್ತಿನಲ್ಲಿ ಪ್ರೊಪೆಲ್ಲರು ಅವನ ಮೇಲೆಯೇ ಬರುತ್ತದೆ. ೨೦೧೩ನೆಯ ಇಸವಿ ಮೇ ೫ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪ್ಯಾಡ್‌ಸ್ಟೊ ಎಂಬಲ್ಲಿ, ಕ್ಯಾಮೆಲ್ ನದಿಯ ಅಳಿವೆಯಲ್ಲಿ ಹೀಗೆಯೇ ಆಯಿತು. ವಿಹಾರಕ್ಕೆ ಹೊರಟ ಒಂದು ಕುಟುಂಬದ ಆರು ಮಂದಿಯೂ ವೇಗದ ತಿರುವಿನಲ್ಲಿ ಒಮ್ಮೆಗೇ ನೀರಿಗೆ ಎಸೆಯಲ್ಪಟ್ಟರು. ಯಾರೂ ಇಲ್ಲದ ದೋಣಿ ಸುತ್ತಿ ಸುತ್ತಿ ಅವರ ಮೇಲೆಯೇ ಹಾಯಿತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು. ತಾಯಿಗೂ ಮಗನಿಗೂ ದೊಡ್ಡ ಗಾಯಗಳಾದವು. ಅಲ್ಲಿನ ಸರಕಾರದ ಅಪಘಾತ ವಿಚಾರಣೆಯಲ್ಲಿ ಹೊರಬಿದ್ದ ಮುಖ್ಯ ಸಂಗತಿಯೆಂದರೆ, ಎಂಜಿನ್ನು ನಿಲ್ಲಿಸುವ ಹುರಿ ಆ ದೋಣಿಯಲ್ಲಿತ್ತು, ನಡೆಸುವವರ ಮೈಗೆ ಮಾತ್ರ ಅದನ್ನು ಸಿಕ್ಕಿಸಿರಲಿಲ್ಲ.

ಈ ಹುರಿಯೇ ನಮ್ಮ ವಿಷಯದ ಮೂಲ. ಔಟ್‌ಬೋರ್ಡ್ ಎಂಜಿನ್ನಿನ ಮೇಲೆ, ಇಲ್ಲವೇ ನಡೆಸುವವನ ಮುಂದೆ, ಒಂದು ಗುಂಡಿ ಇರುತ್ತದೆ. ಗುಂಡಿಯ ಕೆಳಗೆ ಒಂದು ಸಣ್ಣ ಕ್ಲಿಪ್ಪು. ಕ್ಲಿಪ್ಪಿಗೆ ಸಾಮಾನ್ಯವಾಗಿ ಕೆಂಪು ಬಣ್ಣದ, ಸುರುಳಿಯಾದ ಹುರಿ. ಹುರಿಯ ಇನ್ನೊಂದು ತುದಿ ನಡೆಸುವವನ ಮುಂಗೈಗೋ ಕಾಲಿಗೋ ಲೈಫ್ ಜಾಕೆಟ್ಟಿಗೋ ಸೇರಿರಬೇಕು. ಅವನು ಬಿದ್ದರೆ ಹುರಿ ಜಗ್ಗಿ ಕ್ಲಿಪ್ಪು ಕಿತ್ತು ಬರುತ್ತದೆ, ಎಂಜಿನ್ನು ನಿಲ್ಲುತ್ತದೆ. ಇದಕ್ಕೆ ಕಿಲ್ ಸ್ವಿಚ್ಚು ಎಂದು ಹೆಸರು. ಕೊಲ್ಲುವುದು ಎಂಜಿನ್ನನ್ನು, ಉಳಿಸುವುದು ಮನುಷ್ಯನನ್ನು.

ಇದೇ ತತ್ತ್ವವನ್ನು ನಾವು ದಿನವೂ ನಂಬಿ ಓಡಾಡುತ್ತಿದ್ದೇವೆ. ಬೀಚ್–ತಾಂಬರಂ ಮಾರ್ಗದಲ್ಲಿ ೧೯೩೧ರಿಂದ ವಿದ್ಯುತ್ ರೈಲು ಓಡುತ್ತಿದೆ. ಇಂಥ ರೈಲಿನ ಚಾಲಕನು ಹಿಡಿಯೊಂದನ್ನು ಒತ್ತಿ ಹಿಡಿದೇ ಗಾಡಿ ನಡೆಸಬೇಕು. ಅವನಿಗೆ ಎಚ್ಚರ ತಪ್ಪಿ ಕೈ ಸಡಿಲವಾದರೆ ವಿದ್ಯುತ್ತು ಕಡಿದು ಬ್ರೇಕು ಬೀಳುತ್ತದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಗಾಡಿಯನ್ನು ನಿಲ್ಲಿಸಲು ಚಾಲಕನು ಏನನ್ನೂ ಮಾಡಬೇಕಾಗಿಲ್ಲ. ಓಡಿಸಲು ಮಾತ್ರ ಮಾಡುತ್ತಿರಬೇಕು. ಏನೂ ಮಾಡದಿದ್ದರೆ ಗಾಡಿ ನಿಲ್ಲುತ್ತದೆ. ನಿಸ್ತಂತು ಸ್ವಿಚ್ಚಿನ ಒಳ್ಳೆಯದು ಕೆಟ್ಟದ್ದೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯಾದ್ದರಿಂದ ಇದನ್ನು ನೆನಪಿನಲ್ಲಿಟ್ಟುಕೊಳ್ಳಿರಿ.

ಹುರಿ ಇಷ್ಟು ಸೊಗಸಾಗಿ ಕೆಲಸ ಮಾಡುವುದಾದರೆ ನಿಸ್ತಂತು ಏಕೆ ಬೇಕು ಎಂದು ಕೇಳಬಹುದು. ಕಾರಣ, ಜನರು ಹುರಿಯನ್ನು ಕಟ್ಟಿಕೊಳ್ಳುವುದಿಲ್ಲ. ಬಲೆ ಬಿಡುವಾಗ, ಎಳೆಯುವಾಗ, ಲಂಗರು ಹಾಕುವಾಗ ಎದ್ದು ಓಡಾಡಬೇಕು. ಹುರಿಯ ಉದ್ದ ಒಂದೂವರೆ ಮೀಟರಿನಷ್ಟು. ಎದ್ದಾಗಲೆಲ್ಲ ಬಿಚ್ಚಬೇಕು, ಕೂತಾಗಲೆಲ್ಲ ಕಟ್ಟಬೇಕು. ಎರಡು ಸಲ ಕಟ್ಟಿದವನು ಮೂರನೆಯ ಸಲ ಬಿಡುತ್ತಾನೆ. ಬಲೆಯ ನೂಲು, ಹಗ್ಗ, ಮೀನಿನ ಬುಟ್ಟಿಗಳ ನಡುವೆ ಹುರಿ ಸಿಕ್ಕಿ ಎಂಜಿನ್ನು ಸುಮ್ಮನೆ ನಿಲ್ಲುವುದೂ ಉಂಟು. ಕಡೆಗೆ ಕ್ಲಿಪ್ಪು ಗುಂಡಿಯಲ್ಲಿಯೇ ಇರುತ್ತದೆ, ಹುರಿ ಅಲ್ಲಿಯೇ ಜೋಲಾಡುತ್ತಿರುತ್ತದೆ. ಕಟ್ಟಿಕೊಳ್ಳದ ಹುರಿ ಎಷ್ಟು ಗಟ್ಟಿಯಾಗಿದ್ದರೇನು?

ನಿಸ್ತಂತು ಸ್ವಿಚ್ಚು ಈ ತೊಡಕಿಗೆ ಹುಟ್ಟಿದ ಉಪಾಯ. ನಾರ್ವೆ ದೇಶದ ಫೆಲ್ ಮರೀನ್ ಎಂಬ ಕಂಪೆನಿ, ಅಮೆರಿಕದ ಎಂಜಿನ್ನು ತಯಾರಕರಾದ ಮರ್ಕ್ಯುರಿಯವರು, ಇನ್ನೂ ಕೆಲವರು ಇಂಥವನ್ನು ಮಾರುಕಟ್ಟೆಗೆ ತಂದಿದ್ದಾರೆ. ವಿವರಗಳಲ್ಲಿ ಭೇದವಿದ್ದರೂ ಮುಖ್ಯವಾಗಿ ಎರಡು ಅಂಗಗಳು. ಒಂದು, ಮೈಮೇಲೆ ಧರಿಸುವ ಬಿಲ್ಲೆ. ಕೈಗಡಿಯಾರದಷ್ಟಿರುತ್ತದೆ, ಒಳಗೆ ಸಣ್ಣ ಬ್ಯಾಟರಿ. ಇನ್ನೊಂದು, ದೋಣಿಯಲ್ಲಿ ಕೂಡಿಸಿದ ಪೆಟ್ಟಿಗೆ. ಇದರ ತಂತಿ ಎಂಜಿನ್ನಿನ ನಿಲ್ಲಿಸುವ ತಂತಿಗೆ ಸೇರಿರುತ್ತದೆ. ಬಿಲ್ಲೆ ಬಾನುಲಿಯ ಅಲೆಗಳಲ್ಲಿ "ಇದ್ದೇನೆ, ಇದ್ದೇನೆ" ಎಂದು ಬಿಡದೆ ಹೇಳುತ್ತಿರುತ್ತದೆ. ಪೆಟ್ಟಿಗೆ ಕೇಳುತ್ತಿರುತ್ತದೆ. ಆ ಸದ್ದು ನಿಂತರೆ ಪೆಟ್ಟಿಗೆ ಎಂಜಿನ್ನನ್ನು ನಿಲ್ಲಿಸುತ್ತದೆ.

ಹಳೆಯ ಗಿರಣಿಗಳಲ್ಲಿ ರಾತ್ರಿಯ ಪಹರೆಯವನಿಗೆ ಗಡಿಯಾರವೊಂದನ್ನು ಹೊರಿಸಿ ಕಳುಹಿಸುವ ಪದ್ಧತಿಯಿತ್ತು. ಗೋದಾಮಿನ ಮೂಲೆಯಲ್ಲಿ, ಬಾಯ್ಲರಿನ ಬಳಿ, ಹಿಂದಿನ ಗೇಟಿನಲ್ಲಿ ಒಂದೊಂದು ಬೀಗದಕೈಯನ್ನು ಸರಪಣಿಯಲ್ಲಿ ಕಟ್ಟಿರುತ್ತಿದ್ದರು. ಅವನು ಸುತ್ತು ಬಂದು ಅದನ್ನು ಗಡಿಯಾರಕ್ಕೆ ಹಾಕಿ ತಿರುಗಿಸಿದರೆ ಒಳಗಿನ ಕಾಗದದ ಮೇಲೆ ಗುರುತು ಬೀಳುತ್ತಿತ್ತು. ಬೆಳಗ್ಗೆ ಗುಮಾಸ್ತ ಕಾಗದ ತೆಗೆದು ನೋಡಿ, ಎರಡು ಗಂಟೆಯ ಗುರುತಿಲ್ಲವೆಂದರೆ ಪಹರೆಯವನು ಆಗ ನಿದ್ದೆ ಹೋಗಿದ್ದನೆಂದೇ ಲೆಕ್ಕ. "ಕಳ್ಳ ಬಂದರೆ ಕೂಗು" ಎಂದು ಹೇಳಿ ಬಿಟ್ಟಿದ್ದರೆ, ನಿದ್ದೆ ಹೋದವನ ಮೌನವೂ ಕಳ್ಳ ಬಾರದ ರಾತ್ರಿಯ ಮೌನವೂ ಒಂದೇ ಆಗಿ ತೋರುತ್ತಿತ್ತು.

ನಿಸ್ತಂತು ಸ್ವಿಚ್ಚುಗಳಲ್ಲಿಯೂ ಈ ಎರಡು ಜಾತಿ ಇರಬಹುದು. "ಇದ್ದೇನೆ" ಎಂದು ಹೇಳುತ್ತಲೇ ಇರುವುದು ಒಂದು. ಸುಮ್ಮನಿದ್ದು, ನೀರು ತಗಲಿದಾಗ ಮಾತ್ರ "ಬಿದ್ದೆ" ಎಂದು ಕೂಗುವುದು ಇನ್ನೊಂದು. ಎರಡನೆಯದರ ಬ್ಯಾಟರಿ ಸತ್ತಿದ್ದರೆ, ಬೀಳುವ ಏಟಿಗೆ ಬಿಲ್ಲೆ ಒಡೆದರೆ, ನೀರಿನಲ್ಲಿ ಮುಳುಗಿ ಕೂಗು ಕೇಳಿಸದೆ ಹೋದರೆ, ದೋಣಿ ಎಲ್ಲವೂ ಕ್ಷೇಮವೆಂದು ಮುಂದೆ ಹೋಗುತ್ತದೆ. ಮೊದಲನೆಯದರಲ್ಲಿ ಈ ಮೂರೂ ಸಂದರ್ಭಗಳಲ್ಲಿ ಎಂಜಿನ್ನು ನಿಲ್ಲುತ್ತದೆ. ಪ್ರಾಣದ ಪ್ರಶ್ನೆಯಲ್ಲಿ ಮೌನಕ್ಕೆ "ನಿಲ್ಲು" ಎಂದೇ ಅರ್ಥ ಮಾಡುವ ಯಂತ್ರ ಬೇಕು. ಅಂಗಡಿಯವನನ್ನು ಮೊದಲು ಕೇಳಬೇಕಾದದ್ದು ಇದನ್ನೇ: ಬಿಲ್ಲೆಯ ಬ್ಯಾಟರಿ ಕಿತ್ತರೆ ಎಂಜಿನ್ನು ಏನು ಮಾಡುತ್ತದೆ?

ಇಲ್ಲಿ ಪ್ರಕೃತಿಯ ಒಂದು ಸಹಾಯವೂ ಉಂಟು. ಈ ಬಿಲ್ಲೆಗಳು ಸಾಮಾನ್ಯವಾಗಿ ಬಳಸುವುದು ನಮ್ಮ ಮೊಬೈಲುಗಳ ಬ್ಲೂಟೂತು, ವೈ-ಫೈಗಳು ಇರುವ ೨.೪ ಗಿಗಾಹರ್ಟ್ಸ್ ಅಲೆಗಳನ್ನು. ಭಾರತದಲ್ಲಿ ಇದಕ್ಕೆ ಲೈಸೆನ್ಸು ಬೇಕಿಲ್ಲ. ಈ ಅಲೆಗಳನ್ನು ಉಪ್ಪುನೀರು ಕೆಲವೇ ಸೆಂಟಿಮೀಟರಿನಲ್ಲಿ ನುಂಗಿಬಿಡುತ್ತದೆ. ನೀರಿನಡಿಯ ಜಲಾಂತರ್ಗಾಮಿಗೆ ಸುದ್ದಿ ಕಳುಹಿಸಬೇಕಾದರೆ ನೌಕಾದಳದವರು ಬಹಳ ಉದ್ದನೆಯ ಅಲೆಗಳನ್ನು ಬಳಸುವುದು ಇದಕ್ಕಾಗಿಯೇ. ಅಂಥ ದೊಡ್ಡ ಕೇಂದ್ರವೊಂದು ತಿರುನೆಲ್ವೇಲಿ ಜಿಲ್ಲೆಯಲ್ಲಿದೆ, ಐ.ಎನ್.ಎಸ್. ಕಟ್ಟಬೊಮ್ಮನ್ ಎಂದು ಅದರ ಹೆಸರು. ನಮ್ಮ ಬಿಲ್ಲೆಯದು ಗಿಡ್ಡ ಅಲೆ. ಮನುಷ್ಯ ಮುಳುಗಿದೊಡನೆ ಬಿಲ್ಲೆಯ ಬಾಯಿ ಕಟ್ಟುತ್ತದೆ, ಎಂಜಿನ್ನು ನಿಲ್ಲುತ್ತದೆ. ಅಲೆಯ ದೌರ್ಬಲ್ಯವೇ ಇಲ್ಲಿ ಉಪಕಾರಕ್ಕೆ ಬಂದಿದೆ.

ಆದರೆ ಬಿಲ್ಲೆ ನೀರಿನೊಳಗೆ ಹೋದರೆ ತಾನೆ? ಲೈಫ್ ಜಾಕೆಟ್ಟು ತೊಟ್ಟವನ ಭುಜದ ಮೇಲೆ ಸಿಕ್ಕಿಸಿದ ಬಿಲ್ಲೆ ನೀರಿನ ಮೇಲೆಯೇ ತೇಲುತ್ತ "ಇದ್ದೇನೆ" ಎನ್ನುತ್ತಿರಬಹುದು. ಆಗ ದೋಣಿ ಅಲೆಯ ಅಳವಿಯಿಂದ ಆಚೆಗೆ ಹೋದ ಮೇಲೆಯೇ ಸದ್ದು ನಿಲ್ಲುವುದು. ಆ ಅಳವಿ ೧೫ ಮೀಟರು ಎಂದಿಟ್ಟುಕೊಂಡರೆ, ಗಂಟೆಗೆ ೧೫ ಕಿಲೋಮೀಟರಿನ ದೋಣಿಗೆ ಹೆಚ್ಚು ಕಡಮೆ ನಾಲ್ಕು ಸೆಕೆಂಡು ಬೇಕು. ಮೇಲೆ ಪೆಟ್ಟಿಗೆ ಎಣಿಸುವ ಹೊತ್ತು ಬೇರೆ. ಹುರಿಯಾದರೋ ಒಂದೂವರೆ ಮೀಟರಿನಲ್ಲಿ ಕಿತ್ತುಕೊಂಡಿರುತ್ತದೆ. ಹೀಗೆ ಕಟ್ಟಿಕೊಂಡ ಹುರಿಯ ಚುರುಕು ಎಲ್ಲ ಸಂದರ್ಭದಲ್ಲಿಯೂ ಬಿಲ್ಲೆಗೆ ಬರುವುದಿಲ್ಲ. ಬಿಲ್ಲೆಯನ್ನು ಎಲ್ಲಿ ಧರಿಸಬೇಕೆಂದು ತಯಾರಕರು ಹೇಳಿರುತ್ತಾರೋ ಅಲ್ಲಿಯೇ ಧರಿಸಬೇಕೆನ್ನುವುದು ಇದಕ್ಕಾಗಿ. ಮತ್ತೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು: ಮೂತಿಯ ಕಡೆಯಿಂದ, ಓಡುವ ದೋಣಿಯ ಮುಂದಕ್ಕೆ ಬಿದ್ದವನನ್ನು ಹುರಿಯೂ ಉಳಿಸದು, ಬಿಲ್ಲೆಯೂ ಉಳಿಸದು. ಎಂಟು ಮೀಟರಿನ ದೋಣಿ ಎರಡು ಸೆಕೆಂಡಿನೊಳಗೆ ಅವನನ್ನು ದಾಟಿರುತ್ತದೆ.

ಇನ್ನು ನಂಬಿಕೆಯ ಎರಡನೆಯ ಮುಖ. ಬೇಕಾದಾಗ ನಿಲ್ಲಿಸಬೇಕು, ಸರಿ, ಬೇಡವಾದಾಗ ನಿಲ್ಲಿಸಲೂಬಾರದು. ಕೇಳುವವರು ಈ ಮುಖವನ್ನು ಮರೆಯುತ್ತಾರೆ. ಮನುಷ್ಯನ ಮೈಯಲ್ಲಿ ಬಹುಭಾಗ ನೀರೇ. ಬಿಲ್ಲೆ ಒಂದು ಪಕ್ಕ, ಪೆಟ್ಟಿಗೆ ಇನ್ನೊಂದು ಪಕ್ಕ ಇದ್ದು ನಡುವೆ ಮೈ ಅಡ್ಡ ಬಂದರೆ ಅಲೆ ಕ್ಷೀಣಿಸುತ್ತದೆ. ಒದ್ದೆ ಬಟ್ಟೆ, ಕಬ್ಬಿಣದ ಪೆಟ್ಟಿಗೆ, ಮೀನಿನ ರಾಶಿ ಇವೆಲ್ಲವೂ ಅಷ್ಟಷ್ಟು ಅಡ್ಡಿ. ಪೆಟ್ಟಿಗೆ ಒಂದೇ ಒಂದು "ಇದ್ದೇನೆ" ತಪ್ಪಿತೆಂದು ಎಂಜಿನ್ನನ್ನು ನಿಲ್ಲಿಸುವಂತಿದ್ದರೆ ದೋಣಿ ಊರು ಮುಟ್ಟುವಂತೆಯೇ ಇಲ್ಲ. ಆದ್ದರಿಂದ ಕೆಲವು ಸಲ ತಪ್ಪಿದ ಮೇಲೆಯೇ ನಿಲ್ಲಿಸುವಂತೆ ಮಾಡಿರುತ್ತಾರೆ. ಹೆಚ್ಚು ಸಲ ಕಾಯುವಂತೆ ಮಾಡಿದರೆ ಸುಮ್ಮಸುಮ್ಮನೆ ನಿಲ್ಲುವುದು ಕಡಮೆಯಾಗುತ್ತದೆ, ಆದರೆ ಬಿದ್ದಾಗ ನಿಲ್ಲುವುದು ತಡವಾಗುತ್ತದೆ. ಕಡಮೆ ಸಲ ಮಾಡಿದರೆ ಇದರ ವಿರುದ್ಧ. ಎರಡನ್ನೂ ಒಟ್ಟಿಗೆ ಪಡೆಯುವ ಜಾದೂ ಯಾವ ಕಂಪೆನಿಯಲ್ಲಿಯೂ ಇಲ್ಲ. ಎಲ್ಲಿ ಗೆರೆ ಎಳೆದಿದ್ದಾರೆಂಬುದರಲ್ಲಿದೆ ಅವರ ಜಾಣತನ.

ಸುಮ್ಮನೆ ನಿಂತರೆ ಏನು ಹೋಯಿತು, ಮತ್ತೆ ಚಾಲೂ ಮಾಡಿದರಾಯಿತಲ್ಲ ಎನ್ನುವವರು ಮಳೆಗಾಲದ ಅಳಿವೆಯನ್ನು ಕಂಡಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ೧೦ ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಕಡಲು ಹುಚ್ಚೆದ್ದಿರುವ ಆ ಕಾಲದಲ್ಲಿ ಹೊರಡುವುದು ಅತಿ ಚಿಕ್ಕ ದೋಣಿಗಳೇ ಎಂದ ಹಾಗಾಯಿತು. ಅಳಿವೆ ಬಾಯಿಯಲ್ಲಿ ಹಿಂದಿನಿಂದ ತೆರೆ ಏಳುತ್ತಿರುವಾಗ ಎಂಜಿನ್ನು ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಮಗುಚುತ್ತದೆ. ಒಬ್ಬನು ಬಿದ್ದಾನೆಂದು ಹಾಕಿಸಿದ ಯಂತ್ರವು ಎಲ್ಲರನ್ನೂ ನೀರಿಗೆ ಹಾಕಿದಂತೆ.

ಸುಳ್ಳು ನಿಲುಗಡೆಯಿಂದ ಇನ್ನೊಂದು ಕೇಡೂ ಉಂಟು. ದಿನಕ್ಕೆ ಮೂರು ಸಲ ಎಂಜಿನ್ನು ಸುಮ್ಮನೆ ನಿಂತರೆ, ನಾಲ್ಕನೆಯ ದಿನ ತಂಡೇಲನು ಬಿಲ್ಲೆಯನ್ನು ಮೈಮೇಲಿನಿಂದ ಕಳಚಿ ಪೆಟ್ಟಿಗೆಯ ಪಕ್ಕದಲ್ಲೇ ನೇತುಹಾಕುತ್ತಾನೆ. ಆ ಮೇಲೆ ಅದು ಎಂದಿಗೂ ತಪ್ಪದು. ಹಾಜರಿ ಪುಸ್ತಕವನ್ನು ನೋಡಿಕೊಳ್ಳುವ ನಮ್ಮಂಥವರಿಗೆ ಈ ವಿದ್ಯೆ ಹೊಸದಲ್ಲ: ಒಬ್ಬನ ಹಾಜರಿಯನ್ನು ಇನ್ನೊಬ್ಬ ಕೊಡುವುದು! ಮನುಷ್ಯ ನೀರಿನಲ್ಲಿ, ಹಾಜರಿ ದೋಣಿಯಲ್ಲಿ.

ಬಾನುಲಿಯ ಭಾಗ ಹೀಗಾಯಿತು. ಅದು ಸರಿಯಾಗಿಯೇ ಕೆಲಸ ಮಾಡಿ "ನಿಲ್ಲು" ಎಂದಿತೆನ್ನಿ. ಎಂಜಿನ್ನು ಅದನ್ನು ಕೇಳಬೇಕಲ್ಲ? ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು. ಪೆಟ್ರೋಲು, ಸೀಮೆಎಣ್ಣೆಯ ಸಣ್ಣ ಔಟ್‌ಬೋರ್ಡುಗಳಲ್ಲಿ ಮೇಲಿನ ಚಕ್ರದ ಅಯಸ್ಕಾಂತ ತಿರುಗಿ ಕಿಡಿಗೆ ಬೇಕಾದ ವಿದ್ಯುತ್ತು ಹುಟ್ಟುತ್ತದೆ. ಎಂಜಿನ್ನು ನಿಲ್ಲಿಸಬೇಕಾದರೆ ಆ ವಿದ್ಯುತ್ತನ್ನು ಪ್ಲಗ್ಗಿಗೆ ಹೋಗಗೊಡದೆ ಎಂಜಿನ್ನಿನ ಮೈಗೆ ಹರಿಸುವುದು ರೂಢಿ. ಅಂದರೆ ಮನೆಯ ದೀಪದ ಸ್ವಿಚ್ಚು ತಂತಿಯನ್ನು ಅಗಲಿಸಿ ಆರಿಸುತ್ತದೆ. ಇದು ತಂತಿಯನ್ನು ಕೂಡಿಸಿ ನಿಲ್ಲಿಸುತ್ತದೆ. ಇದರ ಫಲವೇನೆಂದರೆ, ಆ ತಂತಿ ಉಪ್ಪುಗಾಳಿಗೆ ಕಿಲುಬು ಹಿಡಿದು ತುಂಡಾಗಿದ್ದರೆ, ಹುರಿ ಕಿತ್ತರೂ ಬಿಲ್ಲೆ ಮುಳುಗಿದರೂ ಎಂಜಿನ್ನು ನಿಲ್ಲುವುದಿಲ್ಲ. ತಂತಿ ತುಂಡಾಗಿದೆಯೆಂಬ ಸೂಚನೆಯೂ ಅದರಿಂದ ಬಾರದು. ಎಂಜಿನ್ನು ಎಂದಿನಂತೆ ಚೆನ್ನಾಗಿಯೇ ಓಡುತ್ತಿರುತ್ತದೆ. ಗಿರಣಿಯ ಯಂತ್ರಗಳ ಕೆಂಪು ಅಪಾಯಗುಂಡಿ ಇದಕ್ಕೆ ತಿರುಗುಮುರುಗು. ಅದರ ತಂತಿ ಎಲ್ಲಿ ತುಂಡಾದರೂ ಯಂತ್ರವೇ ನಿಲ್ಲುತ್ತದೆ, ಫಿಟ್ಟರು ಬಂದು ಸರಿಮಾಡಿದ ಹೊರತು ಹೊರಡದು. ದೋಣಿಯಲ್ಲಿ ಈ ಭಾಗ್ಯ ಎಲ್ಲ ಎಂಜಿನ್ನುಗಳಿಗೂ ಇಲ್ಲ.

ಡೀಸೆಲ್ ಎಂಜಿನ್ನಿನ ಮಾತೇ ಬೇರೆ. ಅದರಲ್ಲಿ ಕಿಡಿಯೇ ಇಲ್ಲ. ಎಣ್ಣೆಯನ್ನು ಕಡಿದರೆ ಮಾತ್ರ ಅದು ನಿಲ್ಲುವುದು. ಚೆನ್ನೈ ಕಡೆಯ ಫೈಬರ್ ದೋಣಿಗಳಲ್ಲಿ ಉದ್ದ ದಂಡದ ತುದಿಯಲ್ಲಿ ಪ್ರೊಪೆಲ್ಲರಿರುವ ಡೀಸೆಲ್ ಎಂಜಿನ್ನುಗಳನ್ನು ನೀವು ನೋಡಿರಬಹುದು. ಅಂಥದಕ್ಕೆ ಕಿಡಿ ಕಡಿಯುವ ಸ್ವಿಚ್ಚನ್ನು ತಂದರೆ ಕಟ್ಟುವುದಕ್ಕೆ ಜಾಗವೇ ಇರುವುದಿಲ್ಲ. ಎಣ್ಣೆಯ ದಾರಿಯನ್ನು ಮುಚ್ಚುವ ವಿದ್ಯುತ್ ಕವಾಟವೊಂದನ್ನು ಬೇರೆಯಾಗಿ ಕೂಡಿಸಬೇಕು, ಅದಕ್ಕೆ ಬ್ಯಾಟರಿ ಬೇಕು. ಬ್ಯಾಟರಿಯ ಪ್ರಶ್ನೆ ಔಟ್‌ಬೋರ್ಡಿನಲ್ಲಿಯೂ ಇದೆ. ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಎಂಜಿನ್ನಿನ ದೋಣಿಯಲ್ಲಿ ಬ್ಯಾಟರಿಯೇ ಇಲ್ಲದಿರುವುದು ಸಾಮಾನ್ಯ. ಕೇಳುವ ಪೆಟ್ಟಿಗೆಗೆ ವಿದ್ಯುತ್ತು ಎಲ್ಲಿಂದ?

ಅಮೆರಿಕದಲ್ಲಿ ೨೦೨೧ರ ಏಪ್ರಿಲ್ ೧ರಿಂದ ೨೬ ಅಡಿಗಿಂತ ಚಿಕ್ಕದಾದ ಮೋಟಾರು ದೋಣಿಗಳನ್ನು ವೇಗವಾಗಿ ನಡೆಸುವವರು ಇಂಥ ಸ್ವಿಚ್ಚಿನ ಕೊಂಡಿಯನ್ನು ಧರಿಸಿಯೇ ಇರಬೇಕೆಂದು ಕಾನೂನಾಗಿದೆ. ಹುರಿಯಾದರೂ ಆಗಬಹುದು, ನಿಸ್ತಂತು ಬಿಲ್ಲೆಯಾದರೂ ಆಗಬಹುದು. ಅಲ್ಲಿನ ದೋಣಿ ಪರಿಷತ್ತು ಇದಕ್ಕೆ ಎ-೩೩ ಎಂಬ ಪ್ರಮಾಣವನ್ನು ಗೊತ್ತುಮಾಡಿದೆ. ನಿಸ್ತಂತು ಸ್ವಿಚ್ಚು ಕೊಳ್ಳುವವರು ಪೆಟ್ಟಿಗೆಯ ಮೇಲೋ ಕೈಪಿಡಿಯಲ್ಲೋ ಈ ಪ್ರಮಾಣದ ಹೆಸರಿದೆಯೇ ಎಂದು ನೋಡುವುದು ಒಳ್ಳೆಯದು. ಹೆಸರಿಲ್ಲದ ಅಗ್ಗದ ಸರಕಿಗಿಂತ ಮೂರು ಅಡಿ ಹುರಿಯೇ ಮೇಲು.

ಕುಂದಾಪುರದ ಮಿತ್ರರಿಗೆ ಹೇಳಿದ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ತಮ್ಮನ ಎಂಜಿನ್ನು ಯಾವುದು, ಅದಕ್ಕೆ ಕ್ಲಿಪ್ಪಿನ ಗುಂಡಿ ಉಂಟೋ ಇಲ್ಲವೋ, ದೋಣಿಯಲ್ಲಿ ಬ್ಯಾಟರಿ ಉಂಟೋ ಇಲ್ಲವೋ ಎಂದು ಮೊದಲು ಕೇಳಿರಿ. ಗುಂಡಿಯಿದ್ದು ಹುರಿಯಿಲ್ಲದಿದ್ದರೆ ಈ ವಾರವೇ ಹುರಿ ತರಿಸಲಿ. ಅದಕ್ಕೆ ನೂರಾರು ಡಾಲರು ಬೇಡ. ನಿಸ್ತಂತು ಸಾಮಾನುಗಳಿಗೆ ಅಮೆರಿಕದಲ್ಲಿ ಅಷ್ಟು ಬೆಲೆಯುಂಟು, ಮೇಲೆ ತರಿಸುವ ವೆಚ್ಚ, ಸುಂಕ. ಬ್ಯಾಟರಿಯಿಲ್ಲದ ದೋಣಿಗೆ ಬ್ಯಾಟರಿಯನ್ನೂ ಹೊಂದ್ಹಿಸುವಷ್ಟರಲ್ಲಿ ಮೂಗಿಗಿಂತ ಮೂಗುತಿ ಭಾರ. ಕೆಟ್ಟರೆ ಗಂಗೊಳ್ಳಿಯಲ್ಲಿ ರಿಪೇರಿ ಮಾಡುವವರು ಯಾರು ಎಂಬುದನ್ನೂ ಯೋಚಿಸಬೇಕು. ಹಾಗೆಂದು ನಿಸ್ತಂತು ಸ್ವಿಚ್ಚು ಬರಿಯ ಷೋಕಿಯೆಂದು ನಾನು ಹೇಳಲಾರೆ. ಒಂಟಿಯಾಗಿ ಹೋಗುವವನು, ಹುರಿಯನ್ನು ಎಷ್ಟು ಹೇಳಿದರೂ ಕಟ್ಟಿಕೊಳ್ಳದವನು, ಬ್ಯಾಟರಿಯಿರುವ ಎಂಜಿನ್ನು ಉಳ್ಳವನು, ಈ ಮೂರೂ ಒಬ್ಬನೇ ಆಗಿದ್ದರೆ ಅವನಿಗೆ ಅದು ಬೇಕು. ಹಾಕಿಸಿದರೂ ಹುರಿಯ ಗುಂಡಿಯನ್ನು ಕಿತ್ತುಹಾಕಿಸಬಾರದು. ಅಳಿವೆ ದಾಟುವಾಗ ತಂಡೇಲನು ಕೂತಲ್ಲಿಂದ ಏಳುವ ಹಾಗಿಲ್ಲ. ಆ ಹೊತ್ತಿಗೆ ಹುರಿಯೇ ಸಾಕು, ಅದು ಮೈಯ ಅಡ್ಡಕ್ಕೆ ಹೆದರುವುದಿಲ್ಲ.

ಹುರಿಯ ಗುಂಡಿಗೆ ಇನ್ನೊಂದು ಉಪಯೋಗವೂ ಇದೆ. ೨೦೨೪ರ ಡಿಸೆಂಬರ್ ೧೮ರಂದು ಮುಂಬಯಿ ಬಂದರಿನಲ್ಲಿ ನೌಕಾದಳದ ವೇಗದ ದೋಣಿಯೊಂದು ಎಂಜಿನ್ನಿನ ಪರೀಕ್ಷೆಯ ಸಮಯದಲ್ಲಿ ಹತೋಟಿ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಎಂಜಿನ್ನು ಹೇಳಿದ ಮಾತು ಕೇಳದೆ ಹೋದಾಗ ಯಾರೂ ನೀರಿಗೆ ಬಿದ್ದಿರುವುದಿಲ್ಲ. ಬಿಲ್ಲೆ "ಇದ್ದೇನೆ" ಎನ್ನುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಕೈಯಿಂದ ಕಿತ್ತೆಳೆಯುವ ಸಾಧನವೊಂದು ಎಲ್ಲಿದೆಯೆಂದು ದೋಣಿಯಲ್ಲಿರುವ ಎಲ್ಲರಿಗೂ ಗೊತ್ತಿರಬೇಕು.

ಕೆಲವರು ಇದನ್ನೂ ಇಸ್ರೋದವರ ಅಪಾಯಸೂಚಕ ಯಂತ್ರವನ್ನೂ ಒಂದೇ ಎಂದುಕೊಂಡಿದ್ದಾರೆ. ಮೀನುಗಾರರಿಗೆ ಕೊಡುವ ಆ "ಡಾಟ್" ಯಂತ್ರದ ಗುಂಡಿ ಒತ್ತಿದರೆ ಸುದ್ದಿ ಉಪಗ್ರಹದ ಮೂಲಕ ಕರಾವಳಿ ಕಾವಲು ಪಡೆಗೆ ಮುಟ್ಟುತ್ತದೆ. ೨೦೨೪ರಲ್ಲಿ ಬಂದ ಹೊಸ ಮಾದರಿಯಲ್ಲಿ ಸುದ್ದಿ ತಲಪಿತೆಂಬ ಮರುಸೂಚನೆಯೂ ಬರುತ್ತದೆ. ಬಹಳ ಒಳ್ಳೆಯ ಸಾಧನ. ಆದರೆ ಅದು ದೋಣಿಯಲ್ಲಿರುತ್ತದೆ. ದೋಣಿಯೇ ಬಿಟ್ಟುಹೋದವನಿಗೆ ಅದರಿಂದೇನು? ಎಂಜಿನ್ನು ನಿಂತು ದೋಣಿ ಹತ್ತಿರದಲ್ಲಿದ್ದರೆ ತಾನೆ ಅವನು ಈಜಿ ಹೋಗಿ ಆ ಗುಂಡಿಯನ್ನು ಒತ್ತುವುದು.

ಪರೀಕ್ಷೆಯ ವಿಷಯದಲ್ಲಿ ಒಂದು ಸುಲಭೋಪಾಯವಿದೆ. ದಿನವೂ ದಡಕ್ಕೆ ಬಂದ ಮೇಲೆ ಎಂಜಿನ್ನನ್ನು ಬೇರೆ ಯಾವ ರೀತಿಯಿಂದಲೂ ನಿಲ್ಲಿಸದೆ ಹುರಿ ಎಳೆದೇ ನಿಲ್ಲಿಸುವುದು. ಹೀಗೆ ಮಾಡಿದರೆ ಪ್ರತ್ಯೇಕವಾಗಿ ಪರೀಕ್ಷಿಸುವ ಕೆಲಸವೇ ಇಲ್ಲ. ತಂತಿ ತುಂಡಾದ ದಿನವೇ ತಿಳಿಯುತ್ತದೆ, ಅದೂ ದಡದಲ್ಲಿ. ನಿಸ್ತಂತು ಸ್ವಿಚ್ಚಿದ್ದವರು ಹೊರಡುವ ಮುನ್ನ, ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ, ಬಿಲ್ಲೆಯನ್ನು ಉಪ್ಪುನೀರಿನ ಬಕೀಟಿನಲ್ಲಿ ಮುಳುಗಿಸಿ ನೋಡಬೇಕು. ಒಂದು, ಎರಡು, ಮೂರು ಎಂದು ಎಣಿಸಿರಿ. ಎಷ್ಟರಲ್ಲಿ ನಿಂತಿತೆಂಬುದನ್ನು ಗೋಡೆಯ ಮೇಲೆ ಬರೆದಿಟ್ಟರೆ ಇನ್ನೂ ಒಳ್ಳೆಯದು. ಎರಡರಲ್ಲಿ ನಿಲ್ಲುತ್ತಿದ್ದದ್ದು ಐದಕ್ಕೆ ಹೋಯಿತೆಂದರೆ ಏನೋ ಕೆಟ್ಟಿದೆ. ಬಿಲ್ಲೆಯ ಬ್ಯಾಟರಿಯನ್ನು ಅದು ಸಾಯುವ ತನಕ ಕಾಯದೆ, ಮೀನುಗಾರಿಕೆಯ ಪ್ರತಿ ಹಂಗಾಮಿನ ಮೊದಲಲ್ಲಿ ಬದಲಾಯಿಸುವುದು ಲೇಸು.

ಬಿದ್ದವನನ್ನು ಎತ್ತಿಕೊಳ್ಳುವ ಕೆಲಸವೂ ಇದೆಯಲ್ಲ. ಅವನ ಮೈಗೆ ಕಟ್ಟಿದ ಕ್ಲಿಪ್ಪು ಅವನೊಡನೆಯೇ ನೀರಿಗೆ ಹೋಯಿತು. ದೋಣಿಯಲ್ಲಿ ಉಳಿದವರು ಎಂಜಿನ್ನು ಚಾಲೂ ಮಾಡಬೇಕಾದರೆ ಇನ್ನೊಂದು ಕ್ಲಿಪ್ಪು ಬೇಕು. ಅದನ್ನು ಎಲ್ಲರಿಗೂ ಕಾಣುವಂತೆ ಒಂದೇ ಜಾಗದಲ್ಲಿ ಕಟ್ಟಿಡಬೇಕು. ನಿಸ್ತಂತು ಪೆಟ್ಟಿಗೆಗಳಲ್ಲಿ ಕೆಲವು, ಒಂದಷ್ಟು ಸೆಕೆಂಡು ಕಳೆದ ಮೇಲೆ ಮತ್ತೆ ಚಾಲೂ ಮಾಡಲು ಅವಕಾಶ ಕೊಡುತ್ತವೆ. ಕೊಳ್ಳುವಾಗಲೇ ಇದನ್ನು ಕೇಳಿ, ತಂಡೇಲನಿಗಷ್ಟೇ ಅಲ್ಲದೆ ಬಲೆ ಎಳೆಯುವ ಹುಡುಗನಿಗೂ ಕಲಿಸಬೇಕು. ಏಕೆಂದರೆ ಬಿದ್ದಿರುವವನು ತಂಡೇಲನೇ.

ಭಾನುವಾರ ಮಕ್ಕಳನ್ನು ಕರೆದುಕೊಂಡು ಮುಟ್ಟುಕಾಡಿಗೋ ಬೇರೆ ಹಿನ್ನೀರಿಗೋ ಹೋಗಿ ವೇಗದ ದೋಣಿ ಹತ್ತುವವರು, ಹತ್ತುವ ಮುಂಚೆ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಬಿಗಿದುಕೊಂಡ ಮೇಲೆ, ನಡೆಸುವವನ ಕೈಯ ಕಡೆಗೂ ಒಮ್ಮೆ ನೋಡಿರಿ. ಕೆಂಪು ಹುರಿ ಗುಂಡಿಯಲ್ಲಿ ಜೋಲುತ್ತಿದ್ದರೆ "ಅಣ್ಣಾ, ಕಯಿರು ಕಟ್ಟಿಕ್ಕೋಂಗ" ಎಂದು ಹೇಳಿರಿ. ಇಷ್ಟು ತಮಿಳು ನಮ್ಮೆಲ್ಲರಿಗೂ ಬರುತ್ತದೆ.